ಕಾನ್‌ನಿಂದ ಬರುವ ಸಿನಿಮಾಗಳು: ಯಾವುದಕ್ಕೆ ಕಾಯಬೇಕು, ಎಲ್ಲಿ ನೋಡಬೇಕು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬ್ಯಾಂಕ್ ಉದ್ಯೋಗಿ. ಸಿನಿಮಾ ಹುಚ್ಚು ಮೊದಲಿನಿಂದಲೂ ಇದೆ. ಪ್ರತಿ ಮೇ ತಿಂಗಳು ಫ್ರಾನ್ಸಿನ ಕಾನ್ ಚಿತ್ರೋತ್ಸವದ ಸುದ್ದಿ ಓದುತ್ತೇನೆ. ಇಂಥ ಸಿನಿಮಾಕ್ಕೆ ಇಷ್ಟು ನಿಮಿಷ ಚಪ್ಪಾಳೆ, ಅಂಥದ್ದಕ್ಕೆ ಪ್ರಶಸ್ತಿ ಅಂತ. ಆಮೇಲೆ ಆ ಸಿನಿಮಾಗಳು ಎಲ್ಲಿ ಹೋದವು ಅಂತಲೇ ಗೊತ್ತಾಗುವುದಿಲ್ಲ. ಈ ಸಲ, 2025ರಲ್ಲಿ, ಬಂದವುಗಳಲ್ಲಿ ನಿಜಕ್ಕೂ ಕಾದು ನೋಡಬೇಕಾದವು ಯಾವುವು? ವರ್ಷಕ್ಕೊಂದು ಸಲ ನಾಲ್ಕೈದು ದಿನ ರಜೆ ಹಾಕಬಹುದು. ಎಲ್ಲಿಗೆ ಹೋದರೆ ಇವು ಸಿಗುತ್ತವೆ? ಇಂಗ್ಲಿಷ್ ಸಬ್‌ಟೈಟಲ್ ಬೇಗ ಬೇಗ ಓದೋದು ನನಗೆ ಕಷ್ಟ, ಅದನ್ನೂ ಗಮನದಲ್ಲಿಟ್ಟು ಹೇಳಿ. ಹಾಗೇ, ಕಾನ್‌ನಲ್ಲಿ ಕನ್ನಡ ಯಾಕೆ ಕಾಣುವುದಿಲ್ಲ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. 2025ರ ಮೇ 13ರಿಂದ 24ರವರೆಗೆ ನಡೆದ 78ನೇ ಕಾನ್‌ನಿಂದ ನಾಲ್ಕೇ ಸಿನಿಮಾ ಆರಿಸಬೇಕು ಅಂದರೆ ನಾನು ಇವನ್ನು ಆರಿಸುತ್ತೇನೆ. ಇರಾನಿನ ಜಾಫರ್ ಪನಾಹಿ ಅವರ ‘ಇಟ್ ವಾಸ್ ಜಸ್ಟ್ ಆ್ಯನ್ ಆಕ್ಸಿಡೆಂಟ್’. ಇರಾಕಿನ ಹಸನ್ ಹಾದಿ ಅವರ ‘ದಿ ಪ್ರೆಸಿಡೆಂಟ್ಸ್ ಕೇಕ್’. ಬ್ರೆಜಿಲ್‌ನ ಕ್ಲೆಬರ್ ಮೆಂಡೋನ್ಸಾ ಫಿಲ್ಯೊ ಅವರ ‘ದಿ ಸೀಕ್ರೆಟ್ ಏಜೆಂಟ್’. ಸ್ಪೇನಿನಿಂದ ಬಂದ ಒಲಿವರ್ ಲಾಶೆ ಅವರ ‘ಸಿರಾತ್’. ಐದನೆಯದು ನಮ್ಮ ದೇಶದ್ದೇ, ನೀರಜ್ ಘಯ್ವಾನ್ ಅವರ ‘ಹೋಮ್‌ಬೌಂಡ್’. ಅದಕ್ಕಾಗಿ ನೀವು ರಜೆ ಖರ್ಚು ಮಾಡಬೇಕಾಗಿಲ್ಲ ಅನ್ನೋದು ನನ್ನ ಅಂದಾಜು.

ಇವನ್ನು ನಾನೂ ಇನ್ನೂ ನೋಡಿಲ್ಲ. ನಿಮ್ಮ ಹಾಗೇ ಕಾಯುತ್ತಿದ್ದೇನೆ. ಹಾಗಾದರೆ ಆರಿಸಿದ್ದು ಹೇಗೆ? ನಿರ್ದೇಶಕರು ಹಿಂದೆ ಏನು ಮಾಡಿದ್ದಾರೆ ಅಂತ ನೋಡುತ್ತೇನೆ. ಕಥೆಯ ಎಳೆ ಏನು, ಅದನ್ನು ಹೇಳೋ ಹಕ್ಕು ಇವರಿಗೆ ಎಲ್ಲಿಂದ ಬಂತು ಅಂತ ನೋಡುತ್ತೇನೆ. ಚಪ್ಪಾಳೆಯ ಲೆಕ್ಕ ಮಾತ್ರ ನೋಡುವುದಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ, ಯಾಕೆಂದರೆ ಆ ಲೆಕ್ಕ ತುಂಬ ಜನರನ್ನು ದಾರಿ ತಪ್ಪಿಸುತ್ತದೆ.

ಕಾನ್‌ನ ಲೂಮಿಯೆರ್ ಸಭಾಂಗಣದಲ್ಲಿ ಸುಮಾರು 2,300 ಸೀಟುಗಳಿವೆ. ಮೊದಲ ಪ್ರದರ್ಶನದ ದಿನ ನಿರ್ದೇಶಕರು, ನಟರು, ತಂತ್ರಜ್ಞರು ಎಲ್ಲರೂ ಪ್ರೇಕ್ಷಕರ ನಡುವೆಯೇ ಕೂತಿರುತ್ತಾರೆ. ಸಿನಿಮಾ ಮುಗಿದ ತಕ್ಷಣ ದೀಪ ಹತ್ತುತ್ತದೆ. ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಹೋಗುತ್ತದೆ, ಆ ಮುಖ ಪರದೆ ಮೇಲೆ ದೊಡ್ಡದಾಗಿ ಕಾಣುತ್ತದೆ. ಎದುರಿಗೇ ನಿಂತಿರುವವರಿಗೆ ಚಪ್ಪಾಳೆ ತಟ್ಟದೆ ಇರೋಕೆ ಆಗುತ್ತದಾ? ದೊಡ್ಡ ತಾರೆಯರು ಜಾಸ್ತಿ ಇದ್ದಷ್ಟೂ ಚಪ್ಪಾಳೆ ಉದ್ದವಾಗುತ್ತದೆ. 2006ರಲ್ಲಿ ‘ಪ್ಯಾನ್ಸ್ ಲ್ಯಾಬಿರಿಂತ್’ ಸಿನಿಮಾಕ್ಕೆ 22 ನಿಮಿಷ ಚಪ್ಪಾಳೆ ಬಿತ್ತು ಅಂತ ಇವತ್ತಿಗೂ ಹೇಳುತ್ತಾರೆ. ಆ ವರ್ಷ ತೀರ್ಪುಗಾರರು ಅದಕ್ಕೆ ಒಂದೂ ಪ್ರಶಸ್ತಿ ಕೊಡಲಿಲ್ಲ. ಆದರೂ ಅದು ಒಳ್ಳೆಯ ಸಿನಿಮಾವೇ. ಅಂದರೆ ಚಪ್ಪಾಳೆಗೂ ಪ್ರಶಸ್ತಿಗೂ ಸಂಬಂಧವಿಲ್ಲ. ಎರಡಕ್ಕೂ ನಿಮ್ಮ ಇಷ್ಟಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ.

ಪ್ರಶಸ್ತಿಯ ಕಥೆಯೂ ಸ್ವಲ್ಪ ಹಾಗೆಯೇ. ಒಂಬತ್ತು ಜನ ಕೂತು ತೀರ್ಮಾನ ಮಾಡುತ್ತಾರೆ. ಈ ಸಲ ಫ್ರೆಂಚ್ ನಟಿ ಜೂಲಿಯೆಟ್ ಬಿನೋಷ್ ಅಧ್ಯಕ್ಷೆ. ನಮ್ಮ ನಿರ್ದೇಶಕಿ ಪಾಯಲ್ ಕಪಾಡಿಯಾ ಕೂಡ ಆ ಒಂಬತ್ತರಲ್ಲಿ ಒಬ್ಬರಾಗಿದ್ದರು. ಈ ತೀರ್ಪುಗಾರರು ನೋಡುವುದು ಮುಖ್ಯ ಸ್ಪರ್ಧೆಯ ಇಪ್ಪತ್ತೆರಡು ಸಿನಿಮಾಗಳನ್ನು ಮಾತ್ರ. ಅದರ ಪಕ್ಕದಲ್ಲೇ, ಹೊಸ ದನಿಯ ಸಿನಿಮಾಗಳಿಗೆ ಕಾನ್‌ನದೇ ಆದ ‘ಅನ್ ಸರ್ಟನ್ ರಿಗಾರ್ಡ್’ ವಿಭಾಗವಿದೆ. ಕಾನ್ ಆಡಳಿತದ ಹೊರಗೆ, ಅದೇ ದಿನಗಳಲ್ಲಿ, ಅದೇ ಊರಿನಲ್ಲಿ ನಡೆಯುವ ಇನ್ನೆರಡು ವೇದಿಕೆಗಳಿವೆ. 1962ರಲ್ಲಿ ಶುರುವಾದ ‘ಕ್ರಿಟಿಕ್ಸ್ ವೀಕ್’ ನಿರ್ದೇಶಕರ ಮೊದಲ ಅಥವಾ ಎರಡನೇ ಸಿನಿಮಾಗಳಿಗೆ ಮೀಸಲು. 1969ರಿಂದ ನಡೆಯುತ್ತಿರುವ ‘ಡೈರೆಕ್ಟರ್ಸ್ ಫೋರ್ಟ್‌ನೈಟ್’ ನಿರ್ದೇಶಕರ ಸಂಘವೇ ನಡೆಸುವಂಥದ್ದು. ಪತ್ರಿಕೆಗಳು ಮುಖ್ಯ ಸ್ಪರ್ಧೆಯ ಬಗ್ಗೆ ಪುಟ ತುಂಬಿಸಿ, ಉಳಿದವಕ್ಕೆ ಒಂದು ಸಾಲು ಕೊಡುತ್ತವೆ. ನಮ್ಮಂಥ ನೋಡುಗರಿಗೆ ಹತ್ತಿರವಾಗುವ ಸಿನಿಮಾಗಳು ಎಷ್ಟೋ ಸಲ ಆ ಒಂದು ಸಾಲಿನಲ್ಲೇ ಅಡಗಿರುತ್ತವೆ. ಅದಕ್ಕೇ ಮುಂದಿನ ವರ್ಷದಿಂದ ನೀವು ಪಟ್ಟಿ ಮಾಡುವಾಗ ಪಕ್ಕದ ವಿಭಾಗಗಳನ್ನು ಮೊದಲು ನೋಡಿ.

ಈಗ ಸಿನಿಮಾಗಳಿಗೆ ಬರೋಣ. ಪನಾಹಿ ಅವರದ್ದು ಅತ್ಯುನ್ನತ ಪ್ರಶಸ್ತಿಯಾದ ಪಾಮ್ ಡಿ'ಓರ್ ಪಡೆದ ಸಿನಿಮಾ. ಕಥೆ ಹೀಗೆ ಶುರುವಾಗುತ್ತದೆ. ಒಬ್ಬ ಮನುಷ್ಯ ರಾತ್ರಿ ಹೆಂಡತಿ, ಮಗಳ ಜೊತೆ ಕಾರಿನಲ್ಲಿ ಹೋಗುತ್ತಿರುತ್ತಾನೆ. ಕಾರಿಗೆ ನಾಯಿಯೊಂದು ಅಡ್ಡ ಬಂದು ಸಾಯುತ್ತದೆ. ಕಾರು ಕೆಡುತ್ತದೆ. ರಿಪೇರಿಗೆ ಅಂತ ನಿಲ್ಲಿಸಿದ ಕಡೆ ವಾಹಿದ್ ಎಂಬ ಮೆಕ್ಯಾನಿಕ್‌ಗೆ ಅವನ ಕೃತಕ ಕಾಲಿನ ಕಿರುಗುಟ್ಟುವ ಸದ್ದು ಕೇಳಿಸುತ್ತದೆ. ವಾಹಿದ್ ಬೆಚ್ಚಿಬೀಳುತ್ತಾನೆ. ಜೈಲಿನಲ್ಲಿ ತನ್ನನ್ನು ಹಿಂಸಿಸಿದವನ ಕಾಲಿನ ಸದ್ದೂ ಹೀಗೇ ಇತ್ತು. ಆದರೆ ಆಗ ವಾಹಿದ್‌ನ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಆ ಮುಖವನ್ನು ಅವನು ಯಾವತ್ತೂ ನೋಡಿಲ್ಲ. ಇವನೇ ಅವನು ಅಂತ ಹೇಳೋದು ಹೇಗೆ?

ವಾಹಿದ್ ಅವನನ್ನು ವ್ಯಾನಿನಲ್ಲಿ ಕಟ್ಟಿಹಾಕಿಕೊಂಡು, ಜೈಲಿನಲ್ಲಿ ತನ್ನ ಹಾಗೇ ನರಳಿದ್ದ ಬೇರೆಯವರ ಹತ್ತಿರ ಹೋಗುತ್ತಾನೆ. ಒಬ್ಬ ಫೋಟೊಗ್ರಾಫರ್ ಸಿಗುತ್ತಾಳೆ. ಮದುವೆ ಫೋಟೊ ತೆಗೆಸಿಕೊಳ್ಳುತ್ತಿರುವ ವಧು ಸಿಗುತ್ತಾಳೆ. ಸಿಟ್ಟು ತಡೆಯಲಾಗದ ಇನ್ನೊಬ್ಬ ಸಿಗುತ್ತಾನೆ. ಅವರಲ್ಲೂ ಯಾರೂ ಮುಖ ನೋಡಿಲ್ಲ. ಒಬ್ಬರಿಗೆ ವಾಸನೆ ನೆನಪಿದೆ, ಒಬ್ಬರಿಗೆ ದನಿ, ಒಬ್ಬರಿಗೆ ಮುಟ್ಟಿದ ನೆನಪು. ಇವನೇ ಅಂತ ಖಚಿತವಾದರೂ ಏನು ಮಾಡಬೇಕು? ಕೊಲ್ಲಬೇಕಾ? ಹಾಗೆ ಮಾಡಿದರೆ ಇವರಿಗೂ ಅವನಿಗೂ ಏನು ವ್ಯತ್ಯಾಸ ಉಳಿಯುತ್ತದೆ? ಕಾನ್‌ನಲ್ಲಿ ನೋಡಿದವರು ಇದರಲ್ಲಿ ನಗುವೂ ಇದೆ ಅಂತ ಬರೆದಿದ್ದಾರೆ. ಪನಾಹಿ ಸಿನಿಮಾ ಬಲ್ಲವರಿಗೆ ಅದು ಆಶ್ಚರ್ಯವೇನಲ್ಲ. ಎಷ್ಟೇ ಕಷ್ಟದ ವಿಷಯವಾದರೂ ಅವರ ಪಾತ್ರಗಳು ನಡುವೆ ಜಗಳವಾಡುತ್ತವೆ, ಚೌಕಾಶಿ ಮಾಡುತ್ತವೆ, ಹಸಿವು ಅನ್ನುತ್ತವೆ.

ಈ ಕಥೆಯನ್ನು ಹೇಳುವ ಹಕ್ಕು ಪನಾಹಿ ಅವರಿಗೆ ಸುಮ್ನೆ ಬಂದಿದ್ದಲ್ಲ. 2010ರಲ್ಲಿ ಇರಾನಿನ ನ್ಯಾಯಾಲಯ ಅವರಿಗೆ ಆರು ವರ್ಷ ಜೈಲು ಮತ್ತು ಇಪ್ಪತ್ತು ವರ್ಷ ಸಿನಿಮಾ ಮಾಡಬಾರದು, ದೇಶ ಬಿಡಬಾರದು ಅಂತ ಶಿಕ್ಷೆ ಕೊಟ್ಟಿತು. ಅವರು ಸಿನಿಮಾ ಬಿಡಲಿಲ್ಲ. ಮನೆಯೊಳಗೆ ಕೂತು ಮಾಡಿದರು. ಟ್ಯಾಕ್ಸಿ ಓಡಿಸುತ್ತಾ, ಅದರೊಳಗೇ ಕ್ಯಾಮೆರಾ ಇಟ್ಟು ಮಾಡಿದರು. 2022ರ ಜುಲೈನಲ್ಲಿ ಮತ್ತೆ ಬಂಧನವಾಯಿತು. ಬಂಧನದಲ್ಲಿದ್ದ ಇನ್ನೊಬ್ಬ ನಿರ್ದೇಶಕರ ಬಗ್ಗೆ ವಿಚಾರಿಸೋಕೆ ಹೋದವರನ್ನೇ ಒಳಗೆ ಹಾಕಿದರು. 2023ರ ಫೆಬ್ರುವರಿಯಲ್ಲಿ ಅವರು ಉಪವಾಸ ಕೂತ ಮೇಲೆ ಬಿಡುಗಡೆಯಾಯಿತು. ಜೈಲಿನಲ್ಲಿ ಜೊತೆಗಿದ್ದವರಿಂದ ಕೇಳಿದ ಮಾತುಗಳೇ ಈ ಸಿನಿಮಾದ ಬೇರು. ಚಿತ್ರೀಕರಣ ಸರ್ಕಾರದ ಅನುಮತಿ ಇಲ್ಲದೆಯೇ ನಡೆದಿದೆ. ಎಷ್ಟೋ ವರ್ಷಗಳ ನಂತರ ಈ ಸಲ ಅವರು ತಾವೇ ಕಾನ್‌ಗೆ ಬಂದು ಪ್ರೇಕ್ಷಕರ ನಡುವೆ ಕೂತು ತಮ್ಮ ಸಿನಿಮಾ ನೋಡಿದರು. ಈ ಪ್ರಶಸ್ತಿಯೊಂದಿಗೆ ಕಾನ್, ವೆನಿಸ್, ಬರ್ಲಿನ್ ಮೂರರ ಅತ್ಯುನ್ನತ ಪ್ರಶಸ್ತಿಗಳೂ ಅವರಿಗೆ ಬಂದಂತಾಯಿತು. ಅವರಿಗಿಂತ ಮೊದಲು ಆ ಮೂರನ್ನೂ ಪಡೆದ ನಿರ್ದೇಶಕರು ಕ್ಲೂಜೊ, ಆಂಟೋನಿಯೋನಿ, ಆಲ್ಟ್‌ಮನ್ ಮೂವರೇ.

ಅದನ್ನು ನೋಡುವ ಮೊದಲು ಅವರ ‘ಆಫ್‌ಸೈಡ್’ ನೋಡಿ. 2006ರ ಸಿನಿಮಾ. ಫುಟ್‌ಬಾಲ್ ಪಂದ್ಯ ನೋಡಬೇಕು ಅಂತ ಹುಡುಗರ ವೇಷ ಹಾಕಿ ಕ್ರೀಡಾಂಗಣಕ್ಕೆ ನುಗ್ಗಿ ಸಿಕ್ಕಿಬೀಳುವ ಹುಡುಗಿಯರ ಕಥೆ. ಪಂದ್ಯದ ಕೂಗು ಕೇಳುತ್ತದೆ, ಪಂದ್ಯ ಕಾಣುವುದಿಲ್ಲ. ಕಾವಲಿಗೆ ನಿಂತ ಹಳ್ಳಿ ಹುಡುಗರಾದ ಸೈನಿಕರ ಮೇಲೂ ನಿಮಗೆ ಪ್ರೀತಿ ಬರುತ್ತದೆ. ಪನಾಹಿ ಯಾರು ಅಂತ ಅರ್ಥವಾಗೋಕೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

‘ದಿ ಪ್ರೆಸಿಡೆಂಟ್ಸ್ ಕೇಕ್’ ಡೈರೆಕ್ಟರ್ಸ್ ಫೋರ್ಟ್‌ನೈಟ್‌ನಲ್ಲಿ ಬಂದದ್ದು. ನಾನು ಹೇಳಿದೆನಲ್ಲ, ಪಕ್ಕದ ವಿಭಾಗ ಅಂತ, ಅದಕ್ಕೆ ಇದೇ ಉದಾಹರಣೆ. 1990ರ ದಶಕದ ಇರಾಕ್. ವಿಶ್ವಸಂಸ್ಥೆಯ ನಿರ್ಬಂಧದಿಂದ ಸಕ್ಕರೆ, ಹಿಟ್ಟು, ಮೊಟ್ಟೆ ಯಾವುದೂ ಸುಲಭಕ್ಕೆ ಸಿಗದ ಕಾಲ. ಆದರೂ ಸದ್ದಾಂ ಹುಸೇನ್ ಹುಟ್ಟುಹಬ್ಬ ಎಲ್ಲ ಶಾಲೆಗಳಲ್ಲೂ ನಡೆಯಲೇಬೇಕು. ಯಾರು ಕೇಕ್ ತರಬೇಕು ಅಂತ ಚೀಟಿ ಎತ್ತುತ್ತಾರೆ. ದಕ್ಷಿಣದ ಜೌಗು ಪ್ರದೇಶದಲ್ಲಿ ಅಜ್ಜಿ ಜೊತೆ ಇರುವ ಒಂಬತ್ತು ವರ್ಷದ ಲಾಮಿಯಾ ಹೆಸರು ಬರುತ್ತದೆ. ಬಡ ಮನೆ. ಆಗುವುದಿಲ್ಲ ಅನ್ನುವ ಹಾಗಿಲ್ಲ. ತನ್ನ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಮಗು ಪಟ್ಟಣಕ್ಕೆ ಹೋಗಿ ಸಾಮಾನು ಹೊಂದಿಸಲು ಅಲೆಯುತ್ತದೆ.

ಎಲ್ಲ ವಿಭಾಗಗಳನ್ನೂ ಸೇರಿಸಿ, ಅತ್ಯುತ್ತಮ ಮೊದಲ ಸಿನಿಮಾಕ್ಕೆ ಕೊಡುವ ಕ್ಯಾಮೆರಾ ಡಿ'ಓರ್ ಪ್ರಶಸ್ತಿ ಇದಕ್ಕೆ ಬಂತು. ಇರಾಕಿನ ಸಿನಿಮಾಕ್ಕೆ ಕಾನ್‌ನಲ್ಲಿ ಇಂಥದ್ದು ಸಿಕ್ಕಿದ್ದು ಇದೇ ಮೊದಲು. ಇನ್ನೊಂದು ವಿಷಯ ನನಗೆ ತುಂಬ ಇಷ್ಟವಾಯಿತು. ಇದಕ್ಕೆ ಸರಿಯಾಗಿ ಮೂವತ್ತು ವರ್ಷ ಮೊದಲು, 1995ರಲ್ಲಿ, ಇದೇ ಪ್ರಶಸ್ತಿ ಪಡೆದದ್ದು ಪನಾಹಿ. ಆ ‘ದಿ ವೈಟ್ ಬಲೂನ್’ ಕೂಡ ಪುಟ್ಟ ಹುಡುಗಿಯೊಬ್ಬಳು ಹೊಸ ವರ್ಷಕ್ಕೆ ಬಣ್ಣದ ಮೀನು ತರಲು ಬೀದಿಗೆ ಇಳಿಯುವ ಕಥೆ. ಮಗುವಿನ ಕೈಯಲ್ಲಿ ದುಡ್ಡು, ಮಗುವಿನ ಮುಂದೆ ದೊಡ್ಡವರ ಲೋಕ. ಅದನ್ನು ಈಗ ನೋಡಿಟ್ಟುಕೊಂಡರೆ ಹಾದಿ ಅವರ ಸಿನಿಮಾ ಯಾವ ಮನೆತನದ್ದು ಅಂತ ಗೊತ್ತಾಗುತ್ತದೆ. ಸಬ್‌ಟೈಟಲ್ ಬಗ್ಗೆ ಕೇಳಿದಿರಲ್ಲ, ನಿಮ್ಮ ಮೊದಲ ಸಿನಿಮಾ ಇದೇ ಆಗಲಿ. ಮಗುವಿಗೆ ಏನು ಬೇಕು, ಏನು ಸಿಗುತ್ತಿಲ್ಲ ಅನ್ನೋದು ಅರ್ಥವಾಗಲು ಜಾಸ್ತಿ ಮಾತು ಬೇಡ. ಮನೆಯವರನ್ನೂ ಕರೆದುಕೊಂಡು ಹೋಗಬಹುದು.

‘ದಿ ಸೀಕ್ರೆಟ್ ಏಜೆಂಟ್’ ವಿಷಯದಲ್ಲಿ ಸಬ್‌ಟೈಟಲ್ ನಿಜಕ್ಕೂ ಸವಾಲು. ಎರಡೂವರೆ ಗಂಟೆಗೂ ಮೀರಿದ ಸಿನಿಮಾ, ತುಂಬ ಪಾತ್ರಗಳು, ತುಂಬ ಮಾತು. ಆದರೂ ಬಿಡಬೇಡಿ. 1977ರ ಬ್ರೆಜಿಲ್. ಸೇನಾ ಆಡಳಿತ. ರೆಸಿಫೆ ಎಂಬ ಕರಾವಳಿ ನಗರದಲ್ಲಿ ಕಾರ್ನಿವಲ್ ಸಂಭ್ರಮ. ಮಾರ್ಸೆಲೊ ಎಂಬುವನು ಜೀವ ಉಳಿಸಿಕೊಳ್ಳಲು ಅಲ್ಲಿಗೆ ಬರುತ್ತಾನೆ. ಅವನ ಹಾಗೇ ಓಡಿಬಂದವರಿಗೆ ಆಶ್ರಯ ಕೊಟ್ಟ ವಯಸ್ಸಾದ ಹೆಂಗಸಿನ ಮನೆಯಲ್ಲಿ ಉಳಿಯುತ್ತಾನೆ. ಅವನ ಪುಟ್ಟ ಮಗ ಅಜ್ಜ-ಅಜ್ಜಿಯ ಹತ್ತಿರ ಇದ್ದಾನೆ. ಅಜ್ಜ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುವವನು. ಹುಡುಗನಿಗೆ ಶಾರ್ಕ್ ಸಿನಿಮಾ ‘ಜಾಸ್’ ನೋಡುವ ಆಸೆ. ಮಾರ್ಸೆಲೊ ಆಗಿ ನಟಿಸಿದ ವಾಗ್ನರ್ ಮೌರಾ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ, ಮೆಂಡೋನ್ಸಾ ಅವರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು. ಕಾನ್ ಸಾಮಾನ್ಯವಾಗಿ ಒಂದೇ ಸಿನಿಮಾಕ್ಕೆ ಎರಡು ಪ್ರಶಸ್ತಿ ಕೊಡುವುದಿಲ್ಲ. ತೀರ್ಪುಗಾರರಿಗೆ ಎಷ್ಟು ಹಿಡಿಸಿರಬೇಕು ನೋಡಿ.

1977 ಅಂದಾಗ ನನಗೆ ನಮ್ಮದೇ ನೆನಪೊಂದು ಬಂತು. ‘ಸಂಸ್ಕಾರ’ ಸಿನಿಮಾದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿ ಇಟ್ಟಿದ್ದರು. ಆಸ್ತಮಾ ಇದ್ದ ಅವರು ಅಲ್ಲಿ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ರೆಸಿಫೆಯ ಆ ಕಾರ್ನಿವಲ್ ನಡೆದದ್ದೂ ಹೆಚ್ಚುಕಮ್ಮಿ ಅದೇ ದಿನಗಳಲ್ಲಿ. ಬ್ರೆಜಿಲ್‌ನ ರಾಜಕೀಯ ನನಗೆ ಗೊತ್ತಿಲ್ಲ, ಹೇಗೆ ಅರ್ಥವಾಗುತ್ತದೆ ಅಂತ ನೀವು ಹಿಂಜರಿಯಬೇಕಿಲ್ಲ. ಬಾಗಿಲು ತಟ್ಟಿದ ಸದ್ದಿಗೆ ಮನೆಯವರೆಲ್ಲ ಸುಮ್ಮನಾಗುವ ಕಾಲ ನಮಗೂ ಗೊತ್ತು.

ಸಬ್‌ಟೈಟಲ್ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. ಹೋಗುವ ಮೊದಲು ಕಥೆಯ ಮೊದಲ ಅರ್ಧ ಗಂಟೆಯಷ್ಟನ್ನು ಓದಿಕೊಂಡು ಹೋಗಿ. ಯಾರು ಯಾರಿಗೆ ಏನಾಗಬೇಕು ಅಂತ ಗೊತ್ತಿದ್ದರೆ ಅರ್ಧ ಭಾರ ಇಳಿಯುತ್ತದೆ. ಸಸ್ಪೆನ್ಸ್ ಹಾಳಾಗುತ್ತದೆ ಅನ್ನೋ ಭಯ ಬೇಡ. ಇಂಥ ಸಿನಿಮಾಗಳ ಬಲ ಮುಂದೇನು ಅನ್ನೋದರಲ್ಲಿ ಇರುವುದಿಲ್ಲ. ಮಧ್ಯದ ಸಾಲುಗಳಲ್ಲಿ, ಪರದೆಯಿಂದ ಸ್ವಲ್ಪ ಹಿಂದೆ ಕೂರಿ. ಮುಂದೆ ಕೂತರೆ ಕಣ್ಣು ಅಕ್ಷರಕ್ಕೂ ಮುಖಕ್ಕೂ ಓಡಾಡಿ ದಣಿಯುತ್ತದೆ. ಮುಂದೆ ಕೂತವರ ತಲೆ ಅಕ್ಷರವನ್ನು ಮುಚ್ಚುತ್ತದೆ ಅಂತ ಅನಿಸಿದರೆ ಸಾಲಿನ ಅಂಚಿಗೆ ಹೋಗಿ.

‘ಸಿರಾತ್’ಗೆ ಆ ಕಷ್ಟವೇ ಇಲ್ಲ. ಮಾತು ಕಮ್ಮಿ. ಅಪ್ಪ ಮತ್ತು ಚಿಕ್ಕ ಮಗ ಮೊರಾಕ್ಕೋದ ಮರುಭೂಮಿಗೆ ಬರುತ್ತಾರೆ. ಕಾಣೆಯಾದ ಮಗಳನ್ನು ಹುಡುಕಬೇಕು. ಮರುಭೂಮಿಯಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಇಟ್ಟು ಹಗಲು ರಾತ್ರಿ ಕುಣಿಯುವ ಗುಂಪುಗಳ ನಡುವೆ ಅವಳ ಫೋಟೊ ಹಿಡಿದು ಓಡಾಡುತ್ತಾರೆ. ಆ ಗುಂಪಿನ ಲಾರಿಗಳ ಹಿಂದೆ ತಮ್ಮ ಪುಟ್ಟ ಗಾಡಿಯಲ್ಲಿ ಇನ್ನೂ ಒಳಕ್ಕೆ ಹೋಗುತ್ತಾರೆ. ಮುಂದಿನದ್ದನ್ನು ಯಾರೂ ನಿಮಗೆ ಹೇಳದಿರಲಿ. ಈಗಷ್ಟೇ ಕಥೆ ಓದಿಕೊಂಡು ಹೋಗಿ ಅಂದೆ, ಇದೊಂದಕ್ಕೆ ಬೇಡ. ಕಾಂಗ್ಡಿಂಗ್ ರೇ ಅವರ ಸಂಗೀತ ಎದೆಗೆ ಬಡಿಯುವಂಥದ್ದು ಅಂತ ನೋಡಿದವರೆಲ್ಲ ಬರೆದಿದ್ದಾರೆ. ಇದನ್ನು ಮೊಬೈಲಿನಲ್ಲಿ, ಲ್ಯಾಪ್‌ಟಾಪಿನಲ್ಲಿ ನೋಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ನಿಮ್ಮ ರಜೆಯಲ್ಲಿ ಒಂದೇ ಸಿನಿಮಾಕ್ಕೆ ಟಿಕೆಟ್ ಸಿಗುತ್ತದೆ ಅನ್ನೋ ಪರಿಸ್ಥಿತಿ ಬಂದರೆ ಇದನ್ನೇ ಆರಿಸಿ. ಪನಾಹಿ ಸಿನಿಮಾ ಮನೆಯಲ್ಲಿ ನೋಡಿದರೂ ಪನಾಹಿ ಸಿನಿಮಾವೇ. ‘ಸಿರಾತ್’ ಹಾಗಲ್ಲ, ಅದರ ಅರ್ಧ ಸಿನಿಮಾ ಶಬ್ದದಲ್ಲಿದೆ.

ಇದೇ ಸಿನಿಮಾದ ಜೊತೆ ತೀರ್ಪುಗಾರರ ಪ್ರಶಸ್ತಿ ಹಂಚಿಕೊಂಡದ್ದು ಜರ್ಮನಿಯ ಮಾಷಾ ಶಿಲಿನ್ಸ್ಕಿ ಅವರ ‘ಸೌಂಡ್ ಆಫ್ ಫಾಲಿಂಗ್’. ಒಂದೇ ತೋಟದ ಮನೆಯಲ್ಲಿ ನಾಲ್ಕು ಕಾಲದ ನಾಲ್ಕು ಹುಡುಗಿಯರು. ಕಾಲದಿಂದ ಕಾಲಕ್ಕೆ ಸಿನಿಮಾ ಹೇಳದೆ ಕೇಳದೆ ಜಾರುತ್ತದೆ. ಚೀನಾದ ಬಿ ಗಾನ್ ಅವರ ‘ರಿಸರೆಕ್ಷನ್’ ಜನ ಕನಸು ಕಾಣುವುದನ್ನೇ ಬಿಟ್ಟ ಲೋಕದ ಕಥೆ, ವಿಶೇಷ ಪ್ರಶಸ್ತಿ ಪಡೆದದ್ದು. ಇವೆರಡೂ ಚಿತ್ರೋತ್ಸವದ ಎರಡನೇ ಮೂರನೇ ದಿನಕ್ಕೆ ಇರಲಿ. ಕಣ್ಣು, ಮನಸ್ಸು ಆ ವೇಗಕ್ಕೆ ಒಗ್ಗಿದ ಮೇಲೆ ಕೂತರೆ ನೀವು ಅದರೊಳಗೆ ಇಳಿಯುತ್ತೀರಿ. ದಿನದ ಐದನೇ ಸಿನಿಮಾ ಆಗಿ, ರಾತ್ರಿ ಹತ್ತಕ್ಕೆ ಮಾತ್ರ ಬೇಡ.

ಚಪ್ಪಾಳೆಯ ಸುದ್ದಿಯಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ನಾರ್ವೆಯ ಯೋಕಿಮ್ ಟ್ರಿಯರ್ ಅವರ ‘ಸೆಂಟಿಮೆಂಟಲ್ ವ್ಯಾಲ್ಯೂ’. ಎರಡನೇ ದೊಡ್ಡ ಪ್ರಶಸ್ತಿಯಾದ ಗ್ರಾಂಪ್ರಿ ಬಂದಿದೆ. ಮಕ್ಕಳನ್ನು ಬಿಟ್ಟು ಹೋಗಿದ್ದ ಸಿನಿಮಾ ನಿರ್ದೇಶಕ ಅಪ್ಪ ವಾಪಸ್ ಬಂದು, ನಟಿಯಾಗಿರುವ ಮಗಳಿಗೆ ‘ನನ್ನ ಸಿನಿಮಾದಲ್ಲಿ ನೀನೇ ನಟಿಸು’ ಅನ್ನುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ. ಆ ಜಾಗಕ್ಕೆ ಅಮೆರಿಕದ ತಾರೆಯನ್ನು ಕರೆತರುತ್ತಾನೆ. ರೆನಾಟೆ ರೈನ್ಸ್ವೆ, ಸ್ಟೆಲ್ಲನ್ ಸ್ಕಾರ್ಸ್‌ಗಾರ್ಡ್ ನಟನೆ ಬಗ್ಗೆ ಒಳ್ಳೆಯ ಮಾತು ಕೇಳಿಬಂದಿದೆ. ನೋಡಲೇಬೇಕಾದ ಸಿನಿಮಾ. ಆದರೆ ನಿಮ್ಮ ರಜೆಯ ಪಟ್ಟಿಯಲ್ಲಿ ಮೊದಲು ಬೇಡ. ಇದಕ್ಕೆ ಹೆಸರಿದೆ, ತಾರೆಯರಿದ್ದಾರೆ, 2026ರ ಆಸ್ಕರ್ ಮಾತೂ ಕೇಳಿಬಂತು. ಇದು ಹೇಗೂ ನಿಮ್ಮ ಮನೆ ಟಿವಿಗೆ ಬಂದು ಸೇರುತ್ತದೆ. ಚಿತ್ರೋತ್ಸವದ ಸಮಯವನ್ನು ಹಾಗೆ ಬಾರದಿರುವ ಸಿನಿಮಾಗಳಿಗೆ ಕೊಡಿ.

‘ಹೋಮ್‌ಬೌಂಡ್’ ಬಗ್ಗೆ ಎರಡು ಮಾತು. ಅನ್ ಸರ್ಟನ್ ರಿಗಾರ್ಡ್‌ನಲ್ಲಿ ಪ್ರದರ್ಶನವಾಯಿತು. ಉತ್ತರ ಭಾರತದ ಹಳ್ಳಿಯ ಇಬ್ಬರು ಗೆಳೆಯರು, ಒಬ್ಬ ಮುಸ್ಲಿಂ, ಒಬ್ಬ ದಲಿತ. ಪೊಲೀಸ್ ಕೆಲಸ ಸಿಕ್ಕಿದರೆ ಮರ್ಯಾದೆ ಸಿಗುತ್ತದೆ ಅಂತ ನಂಬಿದವರು. 2020ರ ಲಾಕ್‌ಡೌನ್ ಸಮಯದಲ್ಲಿ ಪತ್ರಕರ್ತ ಬಶರತ್ ಪೀರ್ ಬರೆದ ಪತ್ರಿಕಾ ಲೇಖನ ಇದಕ್ಕೆ ಆಧಾರ. ಘಯ್ವಾನ್ ಅವರ ‘ಮಸಾನ್’ 2015ರಲ್ಲಿ ಇದೇ ವಿಭಾಗದಲ್ಲಿ ಬಂದಿತ್ತು. ಅದರಲ್ಲಿ ಸ್ಮಶಾನದಲ್ಲಿ ದುಡಿಯುವ ಹುಡುಗನ ಪ್ರೀತಿ ನೋಡಿದವರು ಯಾರೂ ಈ ನಿರ್ದೇಶಕರನ್ನು ಮರೆಯುವುದಿಲ್ಲ. ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕೊರ್ಸೆಸಿ ಈ ಸಲ ಕಾರ್ಯಕಾರಿ ನಿರ್ಮಾಪಕರಾಗಿ ಕೈ ಜೋಡಿಸಿದ್ದಾರೆ. ಧರ್ಮಾ ಪ್ರೊಡಕ್ಷನ್ಸ್ ನಿರ್ಮಾಣದ ಇದು 2025ರ ಸೆಪ್ಟೆಂಬರ್‌ನಲ್ಲಿ ಚಿತ್ರಮಂದಿರಕ್ಕೆ ಬಂತು. ಇಂಥ ಸಿನಿಮಾ ಬಂದ ಮೊದಲ ವಾರವೇ ಹೋಗಿ ನೋಡಿ. ಇಂಥವು ನಮ್ಮ ಊರುಗಳಲ್ಲಿ ಎರಡನೇ ವಾರ ಉಳಿಯುವುದು ಕಷ್ಟ.

ಕಾನ್‌ಗೆ ಹೋದ ಭಾರತೀಯ ಕಥೆಗಳೆಲ್ಲ ಹೀಗೆ ಸಲೀಸಾಗಿ ಬರುವುದಿಲ್ಲ ಅನ್ನೋದೂ ಗೊತ್ತಿರಲಿ. 2024ರಲ್ಲಿ ಅನ್ ಸರ್ಟನ್ ರಿಗಾರ್ಡ್‌ನಲ್ಲಿ ಬಂದ ಸಂಧ್ಯಾ ಸೂರಿ ಅವರ ‘ಸಂತೋಷ್’ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ದೊಡ್ಡ ಕಡಿತಗಳನ್ನು ಕೇಳಿತು. ಚಿತ್ರಮಂದಿರಕ್ಕೆ ಬರಲಾಗಲಿಲ್ಲ. ಅದೇ ವರ್ಷ ಗ್ರಾಂಪ್ರಿ ಪಡೆದ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಮೇ ತಿಂಗಳಲ್ಲಿ ಕಾನ್‌ನಲ್ಲಿ ಬಂದು, ಸೆಪ್ಟೆಂಬರ್‌ನಲ್ಲಿ ಕೇರಳದ ಕೆಲವೇ ಕಡೆ, ನವೆಂಬರ್ 22ಕ್ಕೆ ದೇಶದ ಉಳಿದೆಡೆ, 2025ರ ಜನವರಿಯಲ್ಲಿ ಒಟಿಟಿಗೆ ಬಂತು. ಭಾರತದ ಸಿನಿಮಾಕ್ಕೇ ಆರು ತಿಂಗಳು ಬೇಕಾಯಿತು ನೋಡಿ. ‘ಆ ಸಿನಿಮಾಗಳು ಎಲ್ಲಿ ಹೋದವು’ ಅಂತ ಕೇಳಿದಿರಲ್ಲ, ಅವು ಎಲ್ಲೂ ಹೋಗಿರುವುದಿಲ್ಲ. ನಿಧಾನವಾಗಿ ಬರುತ್ತಿರುತ್ತವೆ. ಕಾನ್‌ನಲ್ಲೇ ದೊಡ್ಡ ಸಿನಿಮಾ ಮಾರುಕಟ್ಟೆ ನಡೆಯುತ್ತದೆ. ಯಾವ ದೇಶಕ್ಕೆ ಯಾರು ಹಂಚಿಕೆದಾರರು ಅನ್ನೋದು ಅಲ್ಲಿ ಶುರುವಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ಆಮೇಲೆ ಸೆಪ್ಟೆಂಬರ್‌ನ ಟೊರಾಂಟೊ, ನಂತರ ನ್ಯೂಯಾರ್ಕ್ ಚಿತ್ರೋತ್ಸವ, ಅಮೆರಿಕದ ಬಿಡುಗಡೆ. ಎಷ್ಟೋ ನಿರ್ಮಾಪಕರು ಆಸ್ಕರ್ ಲೆಕ್ಕ ಹಾಕಿಯೇ ತಾರೀಕು ಇಡುತ್ತಾರೆ. ನಮ್ಮ ಸರದಿ ಆ ಸಾಲಿನ ಕೊನೆಗೆ.

ಹಾಗಾಗಿ ಒಟಿಟಿಗೆ ಕಾಯುವುದಕ್ಕಿಂತ ನಮ್ಮ ಚಿತ್ರೋತ್ಸವಗಳೇ ಮೊದಲು ಸಿಗುತ್ತವೆ. ಚಿತ್ರೋತ್ಸವದಲ್ಲಿ ತೋರಿಸಲು ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ, ಸರ್ಕಾರದ ವಿನಾಯಿತಿ ಸಾಕು. ನವೆಂಬರ್‌ನಲ್ಲಿ ಗೋವಾದ ‘ಇಫಿ’, ಅಂದರೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ಇದೆ. 2025ರಲ್ಲಿ ಅದು 20ರಿಂದ 28ರವರೆಗೆ ಪಣಜಿಯಲ್ಲಿ ನಡೆಯಿತು. ಡಿಸೆಂಬರ್‌ನಲ್ಲಿ ತಿರುವನಂತಪುರದ ಕೇರಳ ಚಿತ್ರೋತ್ಸವ. ನಮ್ಮ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವಂಥದ್ದು, 2025ರಲ್ಲಿ ಮಾರ್ಚ್ 1ರಿಂದ 8ರವರೆಗೆ ನಡೆಯಿತು. ಮೇ ತಿಂಗಳ ಕಾನ್ ಸಿನಿಮಾಗಳು ಈ ಮೂರರಲ್ಲಿ ಒಂದಲ್ಲ ಒಂದು ಕಡೆ ಬರುವುದು ವಾಡಿಕೆ.

ದಾವಣಗೆರೆಯವರಾದ ನಿಮಗೆ ಗೋವಾ ಒಳ್ಳೆಯದು ಅಂತ ನನ್ನ ಸಲಹೆ. ಎಲ್ಲರೂ ಬೆಂಗಳೂರನ್ನೇ ಯೋಚಿಸುತ್ತಾರೆ. ಆದರೆ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಪಣಜಿ ಬಸ್ ಹಿಡಿದರೆ ದಾರಿ ಅಷ್ಟೇನೂ ಜಾಸ್ತಿಯಾಗುವುದಿಲ್ಲ. ಪಣಜಿಯಲ್ಲಿ ಮುಖ್ಯ ಚಿತ್ರಮಂದಿರಗಳು ಮಾಂಡವಿ ನದಿ ದಂಡೆಯ ರಸ್ತೆಯಲ್ಲೇ, ನಡೆದು ಹೋಗುವಷ್ಟು ಹತ್ತಿರ ಹತ್ತಿರ ಇವೆ. ಬೆಂಗಳೂರಿನಲ್ಲಿ ಟ್ರಾಫಿಕ್ಕಿಗೆ ಹೋಗುವ ಸಮಯ ಇಲ್ಲಿ ಇನ್ನೊಂದು ಸಿನಿಮಾಕ್ಕೆ ಸಿಗುತ್ತದೆ. ರೂಮ್ ಮಾತ್ರ ಬೇಗ ಹಿಡಿಯಿರಿ. ಪಣಜಿ ಬೇಡ ಅಂದರೆ ನದಿಯ ಆಚೆ ಪರ್ವರಿಯಲ್ಲಿ ಬಾಡಿಗೆ ಕಮ್ಮಿ. ಪ್ರತಿನಿಧಿ ಪಾಸ್‌ಗೆ ಆನ್‌ಲೈನ್‌ನಲ್ಲಿ ನೋಂದಣಿ ಮಾಡಬೇಕು. ಪಾಸ್ ಇದ್ದರೂ ಒಂದೊಂದು ಪ್ರದರ್ಶನಕ್ಕೂ ಮುಂಚಿತವಾಗಿ ಸೀಟು ಬುಕ್ ಮಾಡಿಕೊಳ್ಳಬೇಕು. ಪಾಮ್ ಡಿ'ಓರ್ ಪಡೆದ ಸಿನಿಮಾದ ಸೀಟು ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಸಿಗದಿದ್ದರೆ ಬೇಜಾರಾಗಿ ರೂಮಿಗೆ ಹೋಗಬೇಡಿ. ಬುಕ್ ಮಾಡದವರ ಸಾಲಿನಲ್ಲಿ ನಿಂತರೆ, ಬಾರದೆ ಉಳಿದವರ ಸೀಟುಗಳು ಸಿಗುವುದುಂಟು. ದಿನಕ್ಕೆ ಮೂರು ಸಿನಿಮಾ ಸಾಕು. ಐದು ನೋಡಿದ ದಿನ ಒಂದೂ ನೆನಪಿರುವುದಿಲ್ಲ.

ಇನ್ನು ಕನ್ನಡದ ಪ್ರಶ್ನೆ. ಕಾನ್‌ನಲ್ಲಿ ಕನ್ನಡ ಕಾಣುವುದಿಲ್ಲ ಅಂದಿರಿ. 2024ರಲ್ಲೇ ಕಂಡಿತ್ತು, ನಾವು ಸರಿಯಾಗಿ ಸಂಭ್ರಮಿಸಲಿಲ್ಲ ಅಷ್ಟೇ. ಜಗತ್ತಿನ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗೆ ಕಾನ್‌ನಲ್ಲಿ ‘ಲಾ ಸಿನೆಫ್’ ಅನ್ನೋ ವಿಭಾಗವಿದೆ. 2024ರಲ್ಲಿ ಅದರ ಮೊದಲ ಬಹುಮಾನ ಪಡೆದದ್ದು ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’. ಹದಿನಾರು ನಿಮಿಷದ್ದು. ಡಾಕ್ಟರ್ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು ಅವರು. ಊರಿನ ಹುಂಜವನ್ನು ಅಜ್ಜಿಯೊಬ್ಬಳು ಕದ್ದದ್ದರಿಂದ ಸೂರ್ಯನೇ ಹುಟ್ಟದೆ ಹೋದ ಜಾನಪದ ಕಥೆ. ನಮ್ಮ ಅಜ್ಜಿಯರ ಕಥೆ ಕಾನ್‌ನ ಪರದೆ ಮೇಲೆ ಕನ್ನಡದಲ್ಲೇ ಮಾತಾಡಿತು.

ಬೇರೆ ದೊಡ್ಡ ಚಿತ್ರೋತ್ಸವಗಳಲ್ಲಿ ಕನ್ನಡಕ್ಕೆ ಇನ್ನೂ ಒಳ್ಳೆಯ ಜಾಗವಿದೆ. ಮಂಡ್ಯದ ಹಳ್ಳಿಯ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಪಡೆಯಿತು. ನಟೇಶ್ ಹೆಗಡೆ ಅವರ ‘ಪೆಡ್ರೊ’ 2021ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್‌ಗೆ, ‘ವಾಘಾಚಿಪಾಣಿ’ 2025ರ ಫೆಬ್ರುವರಿಯಲ್ಲಿ ಬರ್ಲಿನ್‌ಗೆ ಹೋದವು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ಬೂಸಾನ್‌ನಲ್ಲಿ ಗೆದ್ದಿತು. ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ಇವು ಯಾವುವೂ ದೊಡ್ಡ ಬಂಡವಾಳದವಲ್ಲ. ತಮಗೆ ಗೊತ್ತಿರುವ ಊರನ್ನು, ಅಲ್ಲಿನ ಮಾತನ್ನು ಬಿಡದೆ ಹಿಡಿದವರು ಮಾಡಿದವು. ಕಾನ್‌ನ ಮುಖ್ಯ ಸ್ಪರ್ಧೆಗೆ ಭಾರತದ ಸಿನಿಮಾ ಹೋದದ್ದೇ 1994ರ ಮಲಯಾಳಂನ ‘ಸ್ವಾಹಂ’ ಆದ ಮೇಲೆ ಮೂವತ್ತು ವರ್ಷಕ್ಕೆ, ಪಾಯಲ್ ಅವರಿಂದ. ಆದ್ದರಿಂದ ಕನ್ನಡಕ್ಕೆ ಮಾತ್ರ ಬಾಗಿಲು ಮುಚ್ಚಿದೆ ಅಂತ ಭಾವಿಸಬೇಡಿ. ನಮ್ಮಲ್ಲಿ ಕೊರತೆ ಇರುವುದು ಬೇರೆ ಕಡೆ. ಹೊರಗೆ ಗೆದ್ದು ಬಂದ ಈ ಸಿನಿಮಾಗಳಿಗೆ ದಾವಣಗೆರೆಯಲ್ಲಿ, ಕಲಬುರಗಿಯಲ್ಲಿ ಒಂದು ವಾರದ ಪರದೆ ಸಿಗುವುದಿಲ್ಲ. ನಿಮ್ಮ ಊರಿನಲ್ಲಿ ಹತ್ತು ಜನ ಸೇರಿ ಸಿನಿಮಾ ಬಳಗ ಕಟ್ಟಿದರೆ ನಿರ್ದೇಶಕರೇ ಸಿನಿಮಾ ಹಿಡಿದುಕೊಂಡು ಬರುತ್ತಾರೆ. ಅವರಿಗೂ ನೋಡುವವರು ಬೇಕು. ಶುರು ಮಾಡುವ ಮನಸ್ಸಿದ್ದರೆ ಬರೆಯಿರಿ. ಹಾಲ್, ಪ್ರೊಜೆಕ್ಟರ್, ಅನುಮತಿ ಇದನ್ನೆಲ್ಲ ಹೇಗೆ ಹೊಂದಿಸುವುದು ಅಂತ ಇನ್ನೊಂದು ಉತ್ತರದಲ್ಲಿ ವಿವರವಾಗಿ ಹೇಳುತ್ತೇನೆ.